ಭಾವನ ಕೂಗು, ನನ್ನ ಕಣ್ಣು

ಅಥವಾ ಅದು ಕೋಟೆಯ ಗೋಡೆಯೇ ಅಲ್ಲದಿರಬಹುದು. ಮೊದಲು ಕಣ್ಣಿಗೆ ಬೀಳದೆ ಹೋದದ್ದು ಮಧುಗಿರಿ ಬೆಟ್ಟದ ನೆತ್ತಿಯ ಗೋಡೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಅದೇ ನಿಜವಾಗಿಬಿಟ್ಟಿದೆ. ಅದಕ್ಕೂ ಮೊದಲೇ ಅನ್ನದೊಳಗಿನ ಕಲ್ಲು ಕಾಣದೆ ಹಲ್ಲಿಗೆ ಸಿಕ್ಕಿತ್ತೇನೋ. ಅಂತೂ ಬೇಸಗೆಯ ಮಧ್ಯಾಹ್ನ. ಅಕ್ಕನೂ ನಾನೂ ಸಂತೆಗೆ ಬಂದಿದ್ದೆವು.

"ಏನಕ್ಕ, ಬೆಟ್ಟಕ್ಕೆ ಮಂಜು ಮುಚ್ಕೊಂಡೈತೆ" ಅಂದೆ.

ಅಕ್ಕ ನಿಂತಳು. "ಮಂಜಾ? ಬಿಸ್ಲಿಗೆ ಬಂಡೆ ಸೀಳ್ತಾ ಐತೆ ಕಣ್ಲಾ ನಾಗ."

ಮಂಜು ನನ್ನ ಕಣ್ಣಿನಲ್ಲಿತ್ತು.

ರಂಗೂನಿನಿಂದ ನಮ್ಮೂರು ಕೊಳಾಲಕ್ಕೆ ಮರಳಿ ನಾಲ್ಕೈದು ತಿಂಗಳಾಗಿತ್ತು. ಅಲ್ಲಿನ ಒಂದು ಪವರ್ ಹೌಸಿನಲ್ಲಿ ನಾನು ಸ್ವಿಚ್ ಬೋರ್ಡ್ ನೋಡಿಕೊಳ್ಳುತ್ತಿದ್ದೆ. ಅಕ್ಕನ ಗಂಡ ರಂಗಪ್ಪ ಭಾವ ಕಂಬ ಹತ್ತುವ ಲೈನ್‌ಮನ್. ಹೋದವರು ಇಬ್ಬರು. ಬಂದವನು ನಾನೊಬ್ಬ. ಜಪಾನಿನವರ ಬಾಂಬಿಗೆ ಭಾವ ಹೋದ ಎಂದು ಹೇಳಿದೆ. ಅಕ್ಕ ನಂಬಿದಳು. ನನ್ನ ಬಲಗೈಯ ಸುಟ್ಟ ಕಲೆಗೆ ದಿನವೂ ಬೆಣ್ಣೆ ಸವರಿದಳು.

ಮಳೆಗಾಲ ಹಿಡಿಯುವ ಹೊತ್ತಿಗೆ ಎದುರು ನಿಂತವರ ಗುರುತು ಸಿಗದಾಯಿತು. ಒಂದು ಕೋಲು. ಈ ತುದಿ ನನ್ನ ಕೈಯಲ್ಲಿ, ಆ ತುದಿ ಅಕ್ಕನ ಕೈಯಲ್ಲಿ. ಹಾಗೆಯೇ ಹೊಲಕ್ಕೆ, ಬಾವಿಗೆ, ಕೊನೆಗೆ ಮಧುಗಿರಿಯ ಆಸ್ಪತ್ರೆಗೆ. ಬೆಂಗಳೂರಿನ ಕಣ್ಣಿನ ಡಾಕ್ಟರು ಅಲ್ಲಿಗೆ ಬಂದಿದ್ದರು.

"ಕ್ಯಾಟರಾಕ್ಟ್. ಎರಡೂ ಕಣ್ಣಿಗೆ" ಅಂದರು. "ವಯಸ್ಸೆಷ್ಟು?"

"ಇಪ್ಪತ್ತೇಳು."

"ಇದು ಮುದುಕರ ಕಾಯಿಲೆ. ಕಣ್ಣಿಗೆ ಏಟು ಬಿದ್ದಿತ್ತೇ? ಶಾಕ್ ಹೊಡೆದಿತ್ತೇ?"

"ಬಾಂಬ್ ಬಿತ್ತು ಸ್ವಾಮಿ" ಎಂದಳು ಅಕ್ಕ.

"ಬಾಂಬಿನ ಏಟಾದರೆ ಒಳಗಿನ ಪರದೆಯೇ ಹರಿದಿರಬಹುದು. ಆಪರೇಷನ್ ಮಾಡಿ ಪ್ರಯೋಜನವಿಲ್ಲ. ನಾನು ಕೈ ಹಾಕುವುದಿಲ್ಲ. ಶಾಕ್‌ನಿಂದಾದರೆ ಆಸೆ ಇದೆ. ನೆನಪು ಮಾಡಿಕೊಂಡು ಹೇಳಿ."

ನೆನಪು ಮಾಡಿಕೊಳ್ಳುವಂಥದ್ದೇನೂ ಇರಲಿಲ್ಲ. ಹೇಳುವುದಿತ್ತು. ಹೇಳದಿದ್ದರೆ ಕಣ್ಣಿಲ್ಲ. ಹೇಳಿದರೆ, ಕೋಲಿನ ಆ ತುದಿಯನ್ನು ಹಿಡಿದವಳು ಅದನ್ನು ಹಿಡಿದೇ ಇರುತ್ತಾಳೆಯೇ?

"ಶಾಕ್" ಅಂದೆ.

ಅವರು ಮುಂದೆ ಕೇಳಲಿಲ್ಲ. ಅಕ್ಕ ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಕೇಳಿದಳು. ಹೇಳಿದೆ.

ಮೊದಲ ದಾಳಿಗೇ ಪವರ್ ಹೌಸಿನ ಅರ್ಧ ಮೆಷಿನ್ನುಗಳು ಹೋದವು. ಬಂದರಿನ ಕ್ರೇನುಗಳು ನಿಂತವು. ಫಿರಂಗಿ, ಮದ್ದುಗುಂಡು ತುಂಬಿದ ಹಡಗುಗಳು ಇಳಿಸಿಕೊಳ್ಳುವವರಿಲ್ಲದೆ ಹಾಗೇ ನಿಂತವು. ಊರಿನ ನೀರಿನ ಪಂಪೂ ನಿಂತಿತು. ನಲ್ಲಿ ಒಣಗಿ ಜನ ಕೊಳದ ನೀರು ಕುಡಿದರು, ನಮ್ಮ ಸಾಲಿನ ಮನೆಗಳಲ್ಲೇ ಕಾಲರಾ ಬಂತು. ಉಳಿದ ಕರೆಂಟು ಯಾರಿಗೆ? ಮೊದಲು ಬಂದರಿಗೆ, ಆಮೇಲೆ ಊರಿಗೆ ಎಂದು ಸಾಹೇಬರ ಆರ್ಡರ್. ತುಂಡಾದ ಬಂದರಿನ ಲೈನನ್ನು ಕೂಡಿಸಲು ಭಾವ ಕಂಬ ಹತ್ತಿದ. ಕೆಲಸ ಮುಗಿಸಿ, ಕೆಳಗಿಳಿದು, ಅವನು ಕೂಗಬೇಕು. ಒಳಗೆ ಬೋರ್ಡಿನ ಮುಂದೆ ನಿಂತ ನಾನು ಸ್ವಿಚ್ ಹಾಕಬೇಕು. ನನಗೆ ಕಂಬ ಕಾಣುವುದಿಲ್ಲ.

ಭಾವ ಕೂಗಿದ. "ಬುಡ್ಲಾ! ಬುಡು!"

ನಮ್ಮೂರಲ್ಲಿ ನೀರು ಬುಡು ಅಂದರೆ ಹರಿಸು. ಕೆಲಸ ಬುಡು ಅಂದರೆ ಇದ್ದಲ್ಲೇ ಬಿಟ್ಟು ಓಡು. ಕಂಬದ ತುದಿಯಿಂದ ಅವನಿಗೆ ಮತ್ತೆ ಬರುತ್ತಿದ್ದ ವಿಮಾನಗಳು ಕಂಡಿರಬಹುದು. ನಾನು ಸ್ವಿಚ್ ಹಾಕಿದೆ.

ಬೋರ್ಡಿನಿಂದ ಕಿಡಿ ಹಾರಿ ಬಲಗೈಗೆ ಬಡಿಯಿತು, ಎಲ್ಲ ಬೆಳ್ಳಗಾಯಿತು.

ಸೈರನ್ ಅದಕ್ಕೂ ಮೊದಲೇ ಕೂಗಿತ್ತೋ ಆಮೇಲೋ? ಕೆಲವು ದಿನ ಮೊದಲೇ ಕೇಳಿಸುತ್ತದೆ. ಕೆಲವು ದಿನ ಆಮೇಲೆ. ಮೊದಲೇ ಕೂಗಿದ್ದರೆ ಅವನು ಓಡು ಅಂದದ್ದೆಂದು ನನಗೆ ತಿಳಿಯಬೇಕಿತ್ತು. ನನ್ನ ತಪ್ಪು ಕಡಿಮೆ ಕಾಣಬೇಕಾದ ದಿನ ಅದು ಆಮೇಲೆ ಕೂಗುತ್ತದೆ. ಆದ್ದರಿಂದ ಎರಡನ್ನೂ ನಂಬುವುದಿಲ್ಲ. ಬಾಂಬೂ ಬಿತ್ತು, ಅದು ಸುಳ್ಳಲ್ಲ. ಭಾವನನ್ನು ಯಾವುದು ಕೊಂದಿತು ಎಂದು ನೋಡಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಅಕ್ಕ ಎದ್ದಳು. ಕೋಲು ಎಳೆಯಿತು. ನಾನೂ ಎದ್ದೆ.

ಮೊದಲು ಬಲಗಣ್ಣಿನ ಆಪರೇಷನ್. ಆಮೇಲೆ ಎರಡೂ ಕಣ್ಣಿಗೆ ಬ್ಯಾಂಡೇಜು, ತಲೆಯ ಎರಡೂ ಕಡೆ ಮರಳಿನ ಚೀಲ. ಕೆಮ್ಮಬಾರದು. ನಗಬಾರದು. ಅಳಲೇಬಾರದು, ಹೊಲಿಗೆಯಿಲ್ಲದ ಗಾಯ, ಬಿಚ್ಚಿಕೊಂಡರೆ ಕಣ್ಣು ಹೋದಂತೆಯೇ ಎಂದಿದ್ದರು ಡಾಕ್ಟರು. ಎರಡು ದಿನ ಅಕ್ಕ ಮಾತಿಲ್ಲದೆ ಗಂಜಿ ಕುಡಿಸಿದಳು. ಚಮಚ ತುಟಿಗೆ ತಾಗಿದರೆ ಬಾಯಿ ತೆರೆಯುವುದು, ಅಷ್ಟೇ. ಮೂರನೆಯ ದಿನ ಚಮಚ ನಿಂತಿತು.

"ಕರೆಂಟ್ ಬುಡೋದು ಅಂದ್ರೆ ಹೆಂಗ್ಲಾ? ಕೆರೆ ತೂಬು ಎತ್ತಿದಂಗಾ?"

"ಹೂಂ ಕಣಕ್ಕ."

"ಬುಟ್ಮೇಲೆ ಹಿಡಿಯಕ್ಕಾಗಲ್ವಾ?"

"ಆಗಲ್ಲಕ್ಕ."

ಪಕ್ಕದ ಹಾಸಿಗೆಯ ಮುದುಕ ಮಗ್ಗುಲು ಬದಲಿಸಿದ್ದು ಕೇಳಿಸಿತು.

"ನಿಮ್ ಭಾವ ನಂಗೂ ದಿನಕ್ಕತ್ತು ಸಲ ಬುಡು ಬುಡು ಅಂತಿದ್ರು. ಏನ್ ಬುಡ್ಬೇಕು ಅಂತ ಒಂದಿನಾನೂ ಬಾಯ್ಬುಟ್ಟು ಹೇಳ್ಲಿಲ್ಲ" ಅಂದಳು ಅಕ್ಕ.

ಗಂಟಲಲ್ಲಿ ನಗುವೋ ಅಳುವೋ ಒಂದು ಎದ್ದು ಬಂತು. ಅಕ್ಕ ನನ್ನ ಗಲ್ಲವನ್ನು ಗಟ್ಟಿಯಾಗಿ ಅದುಮಿ ಹಿಡಿದಳು.

"ಲೇ, ಅಳಬ್ಯಾಡ. ಕಣ್ಣು ಕಳ್ಕೊಂಡ್ಬುಟ್ಟೀಯ. ಅಳಾಕೆ ನಾನಿವ್ನಿ."

ಅತ್ತಳೋ ಇಲ್ಲವೋ. ಶಬ್ದ ಬರಲಿಲ್ಲ.

ಎಂಟನೆಯ ದಿನ ಕಟ್ಟು ಬಿಚ್ಚಿದರು. ಮೊದಲು ಕಂಡದ್ದು ಕಿಟಕಿಯ ಸರಳುಗಳು, ಎಣಿಸಿದೆ, ಐದು. ಒಂದು ಕಣ್ಣು ಉಳಿಯಿತು. ಇನ್ನೊಂದಕ್ಕೆ ಮುಂದಿನ ತಿಂಗಳು ಬನ್ನಿ ಎಂದರು. ಆ ಡಾಕ್ಟರ ಕೈಗೆ ನಾನು ಋಣಿ. ಕೆಲವು ವಾರಗಳ ಮೇಲೆ ಬಂದ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಅಕ್ಷರಗಳು ಅಂಚಿನಲ್ಲಿ ಬಾಗುತ್ತವೆ. ಪರವಾಗಿಲ್ಲ.

ಅಕ್ಕ ದಿನಕ್ಕೆ ಮೂರು ಸಲ ಡ್ರಾಪ್ಸ್ ಹಾಕುತ್ತಾಳೆ. ಒಂದು ಸಲವೂ ತಪ್ಪಿಸಿಲ್ಲ. ಆ ಮಾತನ್ನು ಮತ್ತೆ ಎತ್ತಿಯೂ ಇಲ್ಲ. ಕನ್ನಡಕ ತೆಗೆದಿಟ್ಟು, ರೆಪ್ಪೆಯನ್ನು ಬೆರಳಿನಿಂದ ಅಗಲಿಸಿ, ನನ್ನ ಮೇಲೆ ಬಾಗುತ್ತಾಳೆ. ಕನ್ನಡಕವಿಲ್ಲದೆ ಅಷ್ಟು ಹತ್ತಿರದ್ದು ನನಗೆ ಕಾಣುವುದಿಲ್ಲ. ಆಗ ಅವಳ ಮುಖದಲ್ಲಿ ಏನಿರುತ್ತದೆಯೋ ನನಗೆ ಗೊತ್ತಿಲ್ಲ.