ಬಡಗಿಮಾವನ ಬಾಗಿಲು

ಬೀದಿಯವರೆಲ್ಲ ಬಡಗಿಮಾವ ಎಂದು ಕರೆಯುವ ಈ ಮನುಷ್ಯನ ಪ್ರಕಾರ ಕಡಿದ ಮರ ಸಾಯುವುದಿಲ್ಲ, ಕೆಲಸ ಬದಲಾಯಿಸುತ್ತದೆ ಅಷ್ಟೆ. ಯಾರ ಮನೆಗೆ ಹೋದರೂ ಮೊದಲು ಕುರ್ಚಿಯ ಬೆನ್ನು ಸವರಿ, "ಏನಮ್ಮ, ಚೆನ್ನಾಗಿದ್ದೀಯಾ?" ಎನ್ನುತ್ತಾನೆ; ಮನೆಯಾಕೆ, "ಚೆನ್ನಾಗಿದ್ದೀನಿ ಮಾವ" ಎಂದುಬಿಟ್ಟು ಪೆಚ್ಚಾಗುತ್ತಾಳೆ. ಮೇಜಿನ ಮೇಲೆ ಯಾರಾದರೂ ಬಿಸಿ ಪಾತ್ರೆ ಇಟ್ಟರೆ ತನ್ನ ಕೈಯೇ ಸುಟ್ಟಂತೆ ಉಫ್ ಉಫ್ ಎಂದು ಊದುತ್ತಾನೆ. ಮಳೆಗೆ ಉಬ್ಬಿ ಬಿಗಿಯಾದ ಬಾಗಿಲನ್ನು ಉಜ್ಜಲು ಕರೆದರಂತೂ, "ಸ್ವಲ್ಪ ಕಚಗುಳಿ ಆಗುತ್ತೆ, ತಡ್ಕೋ" ಎಂದು ಬಾಗಿಲಿಗೆ ಹೇಳಿಯೇ ಉಜ್ಜುಗೊರಡು ಕೈಗೆತ್ತಿಕೊಳ್ಳುವುದು. ಹೀಗೆ ಊರ ಬಾಗಿಲುಗಳನ್ನೆಲ್ಲ ಸಲೀಸು ಮಾಡುವವನ ಸ್ವಂತ ಮನೆಯ ಬಾಗಿಲು ಮಾತ್ರ ಮಳೆ ಹಿಡಿಯಿತೆಂದರೆ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಹಿತ್ತಿಲಿನಿಂದ ಸುತ್ತಿಕೊಂಡು, ತೊಯ್ದು ತೊಪ್ಪೆಯಾಗಿ ಒಳಬಂದ ಹೆಂಡತಿ, "ನಿಮ್ಮ ದಮ್ಮಯ್ಯ, ಇದನ್ನೂ ಒಂದ್ಸಲ ಉಜ್ಜಿಬಿಡಿ!" ಎಂದು ವರ್ಷವರ್ಷವೂ ಗೋಗರೆಯುತ್ತಾಳೆ. ಅವನ ತಾಯಿ ನೆಟ್ಟು ಬೆಳೆಸಿದ ಮರ ಗಾಳಿಗೆ ಉರುಳಿದಾಗ ಅವನೇ ಕೊಯ್ದು ಮಾಡಿದ ಬಾಗಿಲದು. ಅದಕ್ಕೆ ಬೆನ್ನು ಕೊಟ್ಟು ಕೂತು, ಬೈಸಿಕೊಂಡ ತುಂಟನಂತೆ ಬಡಗಿಮಾವ ನಗುತ್ತಾನೆ: "ಇರ್ಲಿ ಬಿಡೇ, ಮಳೇಲಿ ನನ್ನನ್ನ ಹೊರಗೆ ಬಿಟ್ಟವಳೇ ಅಲ್ಲ ನಮ್ಮಮ್ಮ."