ಗೋಲು ಹೊಡೆಯದ ಅಕ್ಕನ ಲೆಕ್ಕ

ಮಲ್ಕಾಜ್‌ಗಿರಿಯ ನಮ್ಮ ಬಡಾವಣೆಯ ಹೆಂಗಸರ ಹಾಕಿ ತಂಡದಲ್ಲಿ ಅಕ್ಕ ಮಿಡ್‌ಫೀಲ್ಡ್ ಆಡುತ್ತಿದ್ದಳು. ನನಗೆ ಬೇಗಂಪೇಟೆಯ ಆಫೀಸೊಂದರಲ್ಲಿ ಅಂಕಿಅಂಶಗಳ ಕೆಲಸ. ಭಾನುವಾರ ಮೈದಾನದ ಸಿಮೆಂಟು ಮೆಟ್ಟಿಲ ಮೇಲೆ ಕೂತು ಪಂದ್ಯವನ್ನು ಮೊಬೈಲಿನಲ್ಲಿ ಹಿಡಿಯುವುದು, ಗಂಟಲು ಕಟ್ಟುವವರೆಗೆ ಕೂಗುವುದು, ಇಷ್ಟೇ ನನ್ನ ಹಾಕಿ.

ಆ ವರ್ಷ ಜಿಲ್ಲಾ ತಂಡದಲ್ಲಿ ಮಿಡ್‌ಫೀಲ್ಡಿನ ಒಂದೇ ಜಾಗ ಖಾಲಿಯಿತ್ತು, ಅದಕ್ಕೆ ನಮ್ಮ ಕೋಚ್ ಒಬ್ಬಳನ್ನು ಆರಿಸಿ ಕಳಿಸಬೇಕಿತ್ತು. ಅಕ್ಕನಿಗೂ ನಮ್ಮ ತಂಡದಲ್ಲೇ ಅದೇ ಜಾಗದಲ್ಲಿ ಆಡುತ್ತಿದ್ದ ತೆಲುಗು ಹುಡುಗಿಯೊಬ್ಬಳಿಗೂ ಪೈಪೋಟಿ. ಆ ಹುಡುಗಿ ಗಾಳಿಯಂತೆ ಓಡುತ್ತಿದ್ದಳು, ಪ್ರತಿ ವಾರವೂ ಗೋಲು ಹೊಡೆಯುತ್ತಿದ್ದಳು. ಅಕ್ಕ ಒಂದೂ ಹೊಡೆದಿರಲಿಲ್ಲ. ಸಾಲದ್ದಕ್ಕೆ, ನಮ್ಮ ತಂಡ ಗೋಲು ಬಿಟ್ಟುಕೊಟ್ಟಾಗಲೆಲ್ಲ ಅಕ್ಕನೇ ಅಂಗಳದಲ್ಲಿರುತ್ತಿದ್ದಳು.

"ಅಕೀನ ಕಳಸ್ತಾರ ಬಿಡು. ಗೋಲು ಕಣ್ಣಿಗೆ ಕಾಣಸ್ತೈತಿ," ಎಂದು ಅಕ್ಕ ರೊಟ್ಟಿ ತಟ್ಟುತ್ತಲೇ ಹೇಳಿದಳು. ಆ ಸಮಾಧಾನ ನನಗೆ ಸಹಿಸಲಾಗಲಿಲ್ಲ.

ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಕಳಿಸಬಹುದು, ಹೊರಗೆ ಕರೆಸಬಹುದು. ಹಾಗಾದರೆ ಇವರಿಬ್ಬರನ್ನು ಯಾವ ಹೊತ್ತಿನಲ್ಲಿ ಕಳಿಸುತ್ತಾರೆ? ಹಳೆಯ ವಿಡಿಯೊಗಳನ್ನೆಲ್ಲ ಹಾಕಿಕೊಂಡು ಕೂತೆ. ಪ್ರತಿ ಸಲ ಅವರು ಒಳಗಿಳಿದಾಗ ಚೆಂಡು ಯಾರ ಗೋಲಿನ ಹತ್ತಿರವಿತ್ತು, ಎದುರಾಳಿಯ ಬಲವಾದ ಆಟಗಾರ್ತಿಯರು ಅಂಗಳದಲ್ಲಿದ್ದರೋ ಇಲ್ಲವೋ, ನಾವು ಮುಂದಿದ್ದೆವೋ ಹಿಂದಿದ್ದೆವೋ ಎಂದು ಕಂಪ್ಯೂಟರಿನಲ್ಲಿ ತುಂಬಿಸತೊಡಗಿದೆ. ತುಂಬಿಸುತ್ತ ಹೋದಂತೆ ಒಂದು ಕ್ರಮ ಕಾಣತೊಡಗಿತು. ಚೆಂಡು ನಮ್ಮ ಗೋಲಿನ ಮುಂದೆ ಕುದಿಯುತ್ತಿದ್ದಾಗ, ಎದುರಿನ ಗಟ್ಟಿ ಫಾರ್ವರ್ಡ್‌ಗಳು ನುಗ್ಗುತ್ತಿದ್ದಾಗ ಒಳಗೆ ಹೋದವಳು ಹೆಚ್ಚಾಗಿ ಅಕ್ಕ. ಎದುರಾಳಿ ಸುಸ್ತಾಗಿ, ಚೆಂಡು ಅವರ ಕಡೆ ಇದ್ದಾಗ ಆ ಹುಡುಗಿ. ಒಬ್ಬಳದು ಏರುದಾರಿ, ಇನ್ನೊಬ್ಬಳದು ಇಳಿಜಾರು. ಅಂಥ ಕಷ್ಟದ ಹೊತ್ತಿನಲ್ಲಿ ಬೇರೆ ಯಾರನ್ನು ಇಳಿಸಿದಾಗಲೂ ತಂಡ ಅಕ್ಕನಿದ್ದಾಗಿನದಕ್ಕಿಂತ ಹೆಚ್ಚು ಗೋಲು ಬಿಟ್ಟುಕೊಟ್ಟಿತ್ತು!

ಮರುದಿನ ಸಂಜೆ ಕೋಚ್ ಸರ್ ಮುಂದೆ ಲ್ಯಾಪ್‌ಟಾಪ್ ತೆರೆದೆ. ಅವರು ಕಲಬುರಗಿ ಕಡೆಯವರು, ರೈಲ್ವೆಯಿಂದ ನಿವೃತ್ತರಾದವರು.

"ಏನವ್ವಾ, ಯಾರನ್ನ ಯಾವಾಗ ಒಳಗ ಬಿಡಬೇಕಂತ ನಿರ್ಧಾರ ಮಾಡಾಂವ ನಾನು. ನನಗ ತೋರಸಾಕ ಬಂದೀಯೇನು?"

"ಹೌದ್ರಿ ಸರ್. ಕಷ್ಟ ಬಂದಾಗ ನೀವು ಯಾರನ್ನ ನಂಬತೀರಂತ ಇದರಾಗ ಕಾಣತೈತ್ರಿ. ಆಯ್ಕಿ ಮಾಡೂ ಮುಂದ ಗೋಲು ಅಷ್ಟ ಎಣಸ್ತೀರಿ."

ಅವರು ಕನ್ನಡಕ ಏರಿಸಿ ಮತ್ತೊಮ್ಮೆ ಮೊದಲಿನಿಂದ ನೋಡಿದರು. "ಇಬ್ಬರನ್ನ ಇಳಸೂ ಹೊತ್ತು ಅದಲು ಬದಲು ಮಾಡಿ ನೋಡೂಣು. ಒಂದ ಮ್ಯಾಚಿನಾಗ ತಿಳಿಯಂಗಿಲ್ಲ. ಆಯ್ಕಿ ಆಗೂತನಾ ಹಿಂಗ ಆಡಸ್ತೀನಿ," ಎಂದರು.

ಮೊದಲ ಪಂದ್ಯ ಮೆಹದಿಪಟ್ಟಣಂ ತಂಡದ ಜೊತೆ. ಕಷ್ಟದ ಹೊತ್ತಿಗೆ ಆ ಹುಡುಗಿ ಇಳಿದಳು. ಎದುರಾಳಿಗಳು ಅವಳ ಎಡಬಲದಿಂದ ನುಸುಳಿ ಹೋದರು. ಚೆಂಡು ಎದುರಾಳಿಯ ಕಡೆ ಇದ್ದಾಗ ಸರ್ ಅಕ್ಕನನ್ನು ಮುಂದೆ ಬಿಟ್ಟರು. ಗೋಲ್‌ಕೀಪರ್ ಬಿದ್ದಿದ್ದಾಳೆ, ಗೋಲು ಬಾಯಿ ತೆರೆದಿದೆ, ಅಕ್ಕ ಚೆಂಡನ್ನು ಹೊರಗೆ ಹೊಡೆದಳು! ನಾನು ತಲೆ ಮೇಲೆ ಕೈ ಹೊತ್ತೆ. ಆದರೆ ಆಮೇಲೆ ಬಂದ ಪಂದ್ಯಗಳಲ್ಲಿ ಅಕ್ಕ ಕೊಟ್ಟ ಪಾಸುಗಳಿಂದ ಗೋಲಿಗೆ ಅವಕಾಶ ಕೊಡುವ ಪೆನಾಲ್ಟಿ ಕಾರ್ನರ್‌ಗಳು ಬಂದವು. ಕೊನೆಗೊಂದು ದಿನ ಅವಳ ಸ್ಟಿಕ್ಕಿಗೆ ತಾಗಿದ ಚೆಂಡು ಗೋಲ್‌ಕೀಪರ್‌ಳ ಪ್ಯಾಡಿಗೆ ಬಡಿದು ಗೋಲಿನೊಳಗೆ ಉರುಳಿತು. ಚಂದದ ಗೋಲೇನೂ ಅಲ್ಲ. ನಾನು ಕುಣಿದ ಕುಣಿತಕ್ಕೆ ಪಕ್ಕದವರ ಚಹಾ ಚೆಲ್ಲಿತು.

ಜಿಲ್ಲಾ ತಂಡಕ್ಕೆ ಅಕ್ಕನೇ ಹೋದಳು. ಕೋಚ್ ಸರ್ ಹೆಸರು ಓದಿದಾಗ ಅವಳು ನನ್ನ ಕಡೆ ನೋಡಲಿಲ್ಲ. ಬಗ್ಗಿ ಶೂ ಲೇಸ್ ಕಟ್ಟತೊಡಗಿದಳು, ಬಹಳ ಹೊತ್ತು ಕಟ್ಟಿದಳು.

ಆ ಹುಡುಗಿ ಸೀದಾ ನನ್ನ ಕಡೆ ಬಂದಳು. ಬೈಯುತ್ತಾಳೆಂದು ನಾನು ಎದ್ದು ನಿಂತೆ.

"ಅಕ್ಕಾ, ನಾದಿ ಕೂಡಾ ಚೂಡು," ಎಂದಳು. ನನ್ನದನ್ನೂ ನೋಡು ಎಂದು. ಕಷ್ಟದ ಹೊತ್ತಿನಲ್ಲಿ ತಾನು ಎಲ್ಲಿ ಸೋಲುತ್ತಿದ್ದೇನೆಂದು ತಿಳಿಯಬೇಕಿತ್ತು ಅವಳಿಗೆ.

ಅಕ್ಕನೂ ಬಂದು ಕೂತಳು. ವಿಡಿಯೊ ಹಾಕಿದೆ. "ನೋಡು, ಇಲ್ಲಿ ನೀ ಚೆಂಡ್ ನೋಡಾಕತ್ತೀದಿ, ಎದುರಿನಾಕಿ ಕಾಲು ನೋಡಬೇಕು," ಎಂದು ಅಕ್ಕ ಕನ್ನಡದಲ್ಲೇ ಶುರುಮಾಡಿದಳು. ಹುಡುಗಿ ತೆಲುಗಿನಲ್ಲಿ ಎದುರುತ್ತರ ಕೊಟ್ಟಳು. ಇಬ್ಬರೂ ಸ್ಟಿಕ್ ಹಿಡಿದು ಮೆಟ್ಟಿಲ ಮೇಲೆಯೇ ಎದ್ದು ನಿಂತು, ಹೇಗೆ ತಡೆಯಬೇಕೆಂದು ಒಬ್ಬರಿಗೊಬ್ಬರು ತೋರಿಸತೊಡಗಿದರು.