ಜಾಕ್ ನಂಬದ ದಸ್ತಗೀರ್ ಮೇಸ್ತ್ರಿ

ದಸ್ತಗೀರ್ ಮೇಸ್ತ್ರಿ ಜಾಕನ್ನು ನಂಬುತ್ತಿರಲಿಲ್ಲ. ಸಂತೇಬೆನ್ನೂರಿನ ರಸ್ತೆಯಂಚಿನ ಅವರ ಗ್ಯಾರೇಜಿನಲ್ಲಿ ಕಬ್ಬಿಣದ ಸಾಮಾನಿಗಿಂತ ಮರದ ದಿಮ್ಮಿ, ಹಲಗೆಗಳೇ ಹೆಚ್ಚು. ಲಾರಿಯ ಹಿಂದಿನ ಆಕ್ಸಲ್ ಇಳಿಸುವ ದಿನ, ಜಾಕ್ ನಾಲ್ಕು ಬೆರಳು ಎತ್ತಿತೆಂದರೆ ಕೈ ನಿಲ್ಲಿಸುವರು. ಲಾರಿಯ ಕಬ್ಬಿಣದ ಅಡಿಚೌಕಟ್ಟು, ಆ ಚಾಸಿಯ ಕೆಳಗೆ ಒಂದು ಹಲಗೆ ತೂರಿಸುವರು. ಮತ್ತೆ ನಾಲ್ಕು ಬೆರಳು, ಮತ್ತೊಂದು ಹಲಗೆ. “ಜಾಕ್ ಇರೋದು ಎತ್ತಾಕೆ, ಹೊರಾಕಲ್ಲ” ಎನ್ನುತ್ತಿದ್ದರು.

ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕಾಯುವ ಡ್ರೈವರುಗಳಿಗೆ ಅಷ್ಟು ತಾಳ್ಮೆ ಎಲ್ಲಿ?

“ಮೇಸ್ತ್ರಿ, ಆಕ್ಸಲ್ ಬಿಚ್ತೀರೋ, ಮನೆ ಕಟ್ತೀರೋ?”

“ಮನೇನೇ ಕಟ್ತಿರೋದು. ಒಳಗೆ ಮಲಗೋರು ನಾವಲ್ವೇನ್ರಿ?”

ಆ ಚಹಾದಂಗಡಿ ನನ್ನದು. ನನ್ನ ಯಜಮಾನರು ಬಸವರಾಜು, ಮೇಸ್ತ್ರಿಯ ಕೈಕೆಳಗೆ ಗ್ಯಾರೇಜಿನಲ್ಲೇ ಕೆಲಸಕ್ಕಿದ್ದರು. ಜಗಳೂರು, ಹೊನ್ನಾಳಿ ಕಡೆಯ ಲಾರಿಗಳೂ ಹತ್ತಿರದ ಗ್ಯಾರೇಜುಗಳನ್ನು ಬಿಟ್ಟು ಇಲ್ಲಿಗೇ ಬರುತ್ತಿದ್ದವು. ಅದನ್ನು ಹೇಳುವಾಗ ನನಗೆ ಈಗಲೂ ಹೆಮ್ಮೆ.

ಅದೊಂದು ಅಮಾವಾಸ್ಯೆಯ ದಿನ. ಬಿಳಿಚೋಡಿನ ರುದ್ರಣ್ಣನ ಲಾರಿ ಬಂದಿತ್ತು. ಹಿಂದಿನ ಚಕ್ರಗಳನ್ನು ಬಿಚ್ಚಿಯಾಗಿತ್ತು. ಚಕ್ರವೇ ಇಲ್ಲದ ಮೇಲೆ ಹ್ಯಾಂಡ್ ಬ್ರೇಕ್ ಹಿಡಿಯುವುದಾದರೂ ಏನನ್ನು? ರಸ್ತೆಯ ಕಡೆಗೆ ತುಸು ಇಳಿಜಾರಿದ್ದ ಜಾಗದಲ್ಲಿ ಅಷ್ಟು ದೊಡ್ಡ ಗಾಡಿ ಕದಲದೆ ನಿಂತಿದ್ದು ಮುಂದಿನ ಚಕ್ರಗಳಿಗೆ ಒತ್ತಿಟ್ಟ ಕಲ್ಲುಗಳಿಂದ. ನಮ್ಮವರು ಕೆಳಗೆ ಅಂಗಾತ ಮಲಗಿ ಬೋಲ್ಟ್ ಸಡಿಲಿಸುತ್ತಿದ್ದರು. ಆಚೆ ಬದಿಯಲ್ಲಿ ಮೇಸ್ತ್ರಿ ಹಲಗೆ ತೂರಿಸುತ್ತಿದ್ದರು.

ರುದ್ರಣ್ಣ ದೈವಭಕ್ತ. ಗಾಡಿ ಬಿಚ್ಚಿ ಹಾಕಿದ್ದರೂ ಅಮಾವಾಸ್ಯೆ ಪೂಜೆ ತಪ್ಪಿಸುವವನಲ್ಲ. ಊದುಬತ್ತಿ ಬೆಳಗಿದ. ಚಕ್ರದಡಿ ನಿಂಬೆಹಣ್ಣು ಇಡಬೇಕಲ್ಲ, ಕಲ್ಲು ಅಡ್ಡವಿತ್ತು. ಒಂದು ಕಲ್ಲನ್ನು ಸರಿಸಿ ಹಣ್ಣಿಟ್ಟ. ಆ ಕಡೆ ಹೋಗಿ ಇನ್ನೊಂದನ್ನೂ ಸರಿಸಿದ.

ನಾನು ಚಹಾ ತರುತ್ತಿದ್ದೆ. ಲಾರಿ ಮುಂದಕ್ಕೆ ಜರುಗಿದ್ದು ಕಂಡಿತು. ಜಾಕುಗಳು ವಾಲಿದವು. ದೊಡ್ಡ ಸದ್ದಾಯಿತು, ಧೂಳೆದ್ದಿತು. ಕೈಯಲ್ಲಿದ್ದ ಲೋಟಗಳು ಬಿದ್ದವೋ, ನಾನೇ ಇಟ್ಟೆನೋ, ಇಂದಿಗೂ ಗೊತ್ತಿಲ್ಲ.

ಧೂಳಿನೊಳಗಿಂದ ಮೇಸ್ತ್ರಿಯ ದನಿ ಬಂತು: “ಬಸಣ್ಣ, ಕಾಲು ಅದಾವೇನಪ್ಪ?”

“ಎರಡೂ ಅದಾವೆ ಮೇಸ್ತ್ರಿ.”

“ಹಂಗಾದ್ರೆ ಅವುನ್ನ ಎಳ್ಕೊಂಡು ಹೊರಗೆ ನಡಿ.”

ಚಾಸಿ ಕುಸಿದಿದ್ದು ನಾಲ್ಕೇ ಬೆರಳು. ಅಷ್ಟರಲ್ಲಿ ಹಲಗೆಗಳ ಮೇಲೆ ಕೂತಿತ್ತು. ನಮ್ಮವರು ಮಲಗಿದ್ದ ಜಾಗಕ್ಕೆ ಆಮೇಲೆ ಕೈ ತೂರಿಸಿ ನೋಡಿದೆ. ಅವರ ಎದೆ ಇದ್ದ ಮಟ್ಟಕ್ಕೂ ಕಬ್ಬಿಣಕ್ಕೂ ನಡುವೆ ನನ್ನ ಅಂಗೈ ಹಿಡಿಸುವಷ್ಟು ಜಾಗವಿತ್ತು.

ಮೇಸ್ತ್ರಿ ಮೊದಲು ಕಲ್ಲುಗಳನ್ನು ಮತ್ತೆ ಒತ್ತಿಟ್ಟರು. ಆಮೇಲೆ ರುದ್ರಣ್ಣನ ಹತ್ತಿರ ಬಂದರು. “ಪೂಜೆ ಮಾಡಾಕೆ ನಾ ಬ್ಯಾಡ ಅನ್ನಲ್ಲ ರುದ್ರಣ್ಣ. ಆದ್ರೆ ಚಕ್ರಕ್ಕೆ ಕೊಟ್ಟ ಕಲ್ಲೂ ಒಂದು ದೇವ್ರೇ. ಅದುನ್ನ ಎತ್ತಬ್ಯಾಡ್ರಿ.” ಅಷ್ಟೇ. ಹೊಸದಾಗಿ ಜಾಕ್ ಕೊಟ್ಟು ಸಂಜೆಯೊಳಗೆ ಆಕ್ಸಲ್ ಇಳಿಸಿ ಹೊರಗೆ ಉರುಳಿಸಿದರು. ಈ ಸಲ ಹಲಗೆಗಳ ಬಗ್ಗೆ ಯಾರೂ ತಮಾಷೆ ಮಾಡಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಮೇಸ್ತ್ರಿ ಮನೆಯಲ್ಲೇ ತೀರಿಕೊಂಡರು. ಮಧ್ಯಾಹ್ನದ ನಮಾಜಿನ ನಂತರ ಮಣ್ಣು. ಸುದ್ದಿ ಬಂದಾಗ ಗ್ಯಾರೇಜಿನಲ್ಲಿ ಒಂದು ಲಾರಿಯ ಆಕ್ಸಲ್ ಅರ್ಧ ಬಿಚ್ಚಿ ನೇತಾಡುತ್ತಿತ್ತು. ನಮ್ಮವರು ಕಣ್ಣು ಒರೆಸಿಕೊಂಡು ಮತ್ತೆ ಲಾರಿಯ ಕೆಳಗೆ ಹೋದರು. ಆಕ್ಸಲನ್ನು ನೆಲಕ್ಕೆ ಇಳಿಸಿ, ಚಾಸಿಯನ್ನು ಭದ್ರ ಮಾಡಿ, ಕೈಯನ್ನೂ ತೊಳೆಯದೆ ಓಡಿದರು. ನಾನೂ ಹಿಂದೆಯೇ ಹೋದೆ. ಅಷ್ಟರಲ್ಲಿ ಮೇಸ್ತ್ರಿಯ ಶವವನ್ನು ಹೊತ್ತು ಜನಾಜಾ ಹೊರಟಿತ್ತು.

“ಅನ್ನ ಹಾಕಿದೋರ ಸಾವಿಗೂ ಈಗ ಬರೋದಾ?” ಎಂದು ಯಾರೋ ಗೊಣಗಿದರು.

ಹೊತ್ತವರಲ್ಲಿದ್ದ ಮೇಸ್ತ್ರಿಯ ದೊಡ್ಡ ಮಗ ತಿರುಗಿ ನೋಡಿದ. ನಮ್ಮವರ ಮೊಣಕೈವರೆಗೂ ಗ್ರೀಸ್ ಹಾಗೇ ಇತ್ತು.

“ಗಾಡಿ ಇಳಿಸಿ ಬಂದ್ಯಾ ಬಸಣ್ಣ?”

“ಇಳಿಸಿದೆ.”

“ನೇತಾಡಿಸಿ ಬಂದಿದ್ರೆ ನಮ್ಮ ಅಬ್ಬ ಎದ್ದು ಕೂತು ವಾಪಸ್ ಕಳಿಸ್ತಿದ್ರು” ಎಂದು ಅವನು ಪಕ್ಕಕ್ಕೆ ಸರಿದು ತನ್ನ ಜಾಗ ಬಿಟ್ಟುಕೊಟ್ಟ. ನಮ್ಮವರು ಹೆಗಲು ಕೊಟ್ಟರು.